ಕೇಳಿದವರು ದಯವಿಟ್ಟು ತಿಳಿಸಿ

ಮೇ 9

ಚೆಲಿನ್ ದ್ವೀಪದ ಬಾಣಂತಿಯೊಬ್ಬಳ ಮನೆ ಬಾಗಿಲಿಗೆ ಇವತ್ತು ಶವಪೆಟ್ಟಿಗೆ ಹೋಯಿತಂತೆ. ತಪ್ಪು ನನ್ನ ಮಗಳದು.

ಕ್ರಮವಾಗಿ ಬರೆಯಬೇಕು. ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮುದ್ರೆ ಒತ್ತಿದವನಿಗೆ ಕ್ರಮ ಗೊತ್ತಿರಬೇಕು. ಆದರೆ ಹೆಂಡತಿ ಆರ್ಫೆಲಿನಾ ತೀರಿಹೋದಮೇಲೆ ನನ್ನ ಮಾತು ಕಟ್ಟು ಬಿಚ್ಚಿದ ಕುರಿಯ ಹಾಗೆ ಕಂಡಲ್ಲಿ ಮೇಯುತ್ತದೆ. ಅವಳಿದ್ದಾಗ "ವಿಷಯಕ್ಕೆ ಬನ್ನಿ" ಎಂದು ಹಗ್ಗ ಎಳೆಯುತ್ತಿದ್ದಳು. ಈಗ ಎಳೆಯುವವರಿಲ್ಲ, ಅದಕ್ಕೇ ಈ ನೋಟುಪುಸ್ತಕ. ಇದರಲ್ಲಿ ಎಷ್ಟು ಮೇಯ್ದರೂ ಯಾರ ಬೇಲಿಯೂ ಹಾಳಾಗುವುದಿಲ್ಲ.

ವಿಷಯ. ಮಗಳು ಯಾಸ್ನಾ ಹದಿನಾಲ್ಕು ವರ್ಷದಿಂದ ನಮ್ಮೂರು ಕಾಸ್ತ್ರೋದ ರೇಡಿಯೊದಲ್ಲಿ, ಸುತ್ತಲಿನ ದ್ವೀಪಗಳಿಗೆ, ಮಧ್ಯಾಹ್ನ ಒಂದರ ಸಂದೇಶ ಓದುತ್ತಿದ್ದವಳು. "ಇಂಥ ದ್ವೀಪದ ಇಂಥವರಿಗೆ: ನಿಮ್ಮ ತಾಯಿಯ ಆಪರೇಷನ್ ಚೆನ್ನಾಗಿ ಆಯಿತು, ಗುರುವಾರದ ದೋಣಿಗೆ ಬರುತ್ತಾರೆ, ಎತ್ತಿನ ಗಾಡಿ ತನ್ನಿ. ಕೇಳಿದವರು ದಯವಿಟ್ಟು ತಿಳಿಸಿ." ಪ್ರತಿಯೊಂದನ್ನೂ ಎರಡು ಸಲ ಓದಬೇಕು. ಫೋನು ಬಂದಮೇಲೂ ದ್ವೀಪದವರು ಇದನ್ನು ಬಿಟ್ಟಿಲ್ಲ. ಫೋನಿನಲ್ಲಿ ಒಬ್ಬ ಕೇಳುತ್ತಾನೆ, ರೇಡಿಯೊದಲ್ಲಿ ಊರೇ ಕೇಳಿ ಊರೇ ಬಂದು ಹೇಳುತ್ತದೆ.

ಮಾರ್ಚ್ ಎರಡರಂದು ರೇಡಿಯೊ ಕಟ್ಟಡದೆದುರು ಬಿಳಿ ಪಟ್ಟೆಯ ಮೇಲೆ ರಸ್ತೆ ದಾಟುತ್ತಿದ್ದವಳನ್ನು ಮಿನಿಬಸ್ಸು ಗುದ್ದಿತು. ಚಾಲಕ ಫೋನು ನೋಡುತ್ತಿದ್ದನಂತೆ. ಭುಜದ ಮೂಳೆ ಕೂಡಿಕೊಂಡಿತು. ತಲೆಯ ಸ್ಕ್ಯಾನಿನಲ್ಲಿ ಸಣ್ಣ ಚುಕ್ಕೆಗಳಿವೆ, ತಾವಾಗಿಯೇ ಹೋಗುತ್ತವೆ ಎಂದರು. ಈ ಸೋಮವಾರ ಮತ್ತೆ ಕೆಲಸಕ್ಕೆ ಹೋದಳು. ಇವತ್ತು ಎರಡು ಸಂದೇಶಗಳ ಹೆಸರು ಅದಲುಬದಲಾದವು, ಒಂದು ಹೆರಿಗೆಯದು, ಇನ್ನೊಂದು ಸಾವಿನದು. ಸತ್ತವರ ಮನೆಯವರು ಕಂಬಳಿ, ಕೋಳಿಸಾರು ಹಿಡಿದು ದೋಣಿಕಟ್ಟೆಯಲ್ಲಿ ಬಾಣಂತಿಗೆ ಕಾದರು. ಪೆಟ್ಟಿಗೆ ಮಾಡುವ ಬಡಗಿ ದೊನ್ ರುದೆಸಿಂದೊ, ರೇಡಿಯೊ ಹೇಳಿದ ಮನೆಗೇ ಪೆಟ್ಟಿಗೆ ಸಾಗಿಸಿದ.

ರೇಡಿಯೊ ಯಜಮಾನರು ಒಳ್ಳೆಯವರು. "ಸ್ವಲ್ಪ ದಿನ ರೆಸ್ಟ್ ತಗೋಮ್ಮಾ" ಎಂದರು. ಅವಳು ಏನೋ ಹೇಳಲು ಬಾಯಿ ತೆರೆದಳು. "ಆಗ್ಲಿ ಸರ್, ತಗೋತಾಳೆ" ಎಂದು ನಾನೇ ಹೇಳಿ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ದಣಿದಿದ್ದಳು.

ಇಂಗ್ಲಿಷಿನಲ್ಲಿ ಇದಕ್ಕೊಂದು ಗಾದೆ ಇತ್ತು. ಮಳೆ ಬಂದರೆ ಏನೋ ಆಗುತ್ತದೆ ಎಂದು. ಮರೆತೆ.

ಮೇ 14

ಆಬೆಲಾರ್ದೊ ಬಂದಿದ್ದ. ಆರ್ಫೆಲಿನಾಳ ತಮ್ಮ, ಯಾಸ್ನಾಳ ಸೋದರಮಾವ, ಊರಿನ ವಕೀಲ. ಜಮೀನಿನ ಗಡಿ, ಉಯಿಲು, ಬೇಲಿ ಜಗಳ ಇವುಗಳಲ್ಲಿ ಅವನನ್ನು ಮೀರಿಸಿದವರಿಲ್ಲ. ಬಸ್ ಕಂಪನಿಯ ವಿಮೆಯವರಿಂದ ಕಾಗದ ತಂದಿದ್ದ: ಆಸ್ಪತ್ರೆ ಖರ್ಚು ಕೊಡುತ್ತಾರೆ, ಮೇಲೊಂದಿಷ್ಟು ಕೊಡುತ್ತಾರೆ, ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂದು ಯಾಸ್ನಾ ಸಹಿ ಹಾಕಬೇಕು.

"ನೋಡಿ ಭಾವ, ಹುಡುಗಿ ನಡೀತಾಳೆ, ಉಣ್ತಾಳೆ, ನಗ್ತಾಳೆ. ಅವರ ಡಾಕ್ಟರೇ ಪರೀಕ್ಷೆ ಮಾಡಿ ಏನೂ ತೊಂದ್ರೆ ಇಲ್ಲ ಅಂತ ಬರೆದಿದಾನೆ. ಕೋರ್ಟಿಗೆ ಹೋದ್ರೆ ಇದೂ ಹೋಗತ್ತೆ."

"ಶವಪೆಟ್ಟಿಗೆ?"

"ಅಯ್ಯೋ, ನಾನೂ ಹೋದ ವರ್ಷ ಅಣ್ಣನ ತೋಟಾನ ತಮ್ಮನ ಹೆಸರಿಗೆ ಬರೆದಿದ್ದೆ. ನನ್ನ ತಲೆಗೂ ಬಸ್ಸು ಗುದ್ದಿತ್ತಾ?"

ಯಾಸ್ನಾ ಪೆನ್ನು ಹಿಡಿದು ನೋಡಿದಳು. "ಈ ಚಮಚ..." ಎಂದಳು. ಅಪಘಾತವಾದಮೇಲೆ ಯಾವ ಪದ ಸಿಗದಿದ್ದರೂ ಅವಳಿಗೆ ಚಮಚವೇ. ಬಾಗಿಲು ಚಮಚ, ಬೆಕ್ಕು ಚಮಚ.

"ಪೆನ್ನು ಬರೀತಿಲ್ಲ, ಬೇರೆ ಕೊಡು, ಸಹಿ ಹಾಕ್ತೀನಿ ಅಂತಿದಾಳೆ" ಎಂದೆ.

ಅವಳು ಎದ್ದು ಸೌದೆ ಒಲೆಯ ಬಾಗಿಲು ತೆಗೆದು ಕಾಗದವನ್ನೂ ಪೆನ್ನನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಿದಳು. ಆಬೆಲಾರ್ದೊನದು ಒಳ್ಳೆಯ ಪೆನ್ನು. ಈ ಸಿಟ್ಟು ಕೂಡ ಅಪಘಾತದ ನಂತರದ್ದೇ.

ಮೇ 21

ದೊನ್ ರುದೆಸಿಂದೊ ಬಂದ. ಜಗಳಕ್ಕೆ ಬಂದನೆಂದುಕೊಂಡು ನಾನು ಬಾಗಿಲಲ್ಲೇ ಹತ್ತು ನಿಮಿಷ ಕ್ಷಮೆ ಕೇಳಿದೆ. ಪಾಪ, ಟೋಪಿ ಕೈಯಲ್ಲಿ ಹಿಡಿದು ನಾನು ಮುಗಿಸುವವರೆಗೂ ನಿಂತಿದ್ದ.

"ಪೆಟ್ಟಿಗೆ ವಿಷ್ಯ ಬಿಡಿ ದೊನ್ ನೊಲ್ಬೆರ್ತೊ. ಆ ಬಾಣಂತಿ ಗಂಡ ಅದ್ರಲ್ಲೇ ಆಲೂಗಡ್ಡೆ ತುಂಬ್ತೀನಿ, ಇಟ್ಟು ಹೋಗು ಅಂದ. ನಾನು ಬಂದಿದ್ದು ಯಾಸ್ನಾ ವಿಷ್ಯಕ್ಕೆ. ನಮ್ಮಕ್ಕನ ಮಗ ಬೈಕಿಂದ ಬಿದ್ದಾಗ ಹಿಂಗೇ ಆಗಿತ್ತು. ನೋಡೋಕೆ ಸರಿ ಇದ್ದ, ಒಳಗೆ ಡ್ರಾಯರೆಲ್ಲ ಉಲ್ಟಾಪಲ್ಟಾ. ಪೋರ್ತೊ ಮೊಂತಲ್ಲಿ ಒಬ್ರು ವಕೀಲಮ್ಮ ಇದಾರೆ. ತಲೆ ಕೇಸು ಬಿಟ್ಟು ಬೇರೆ ಹಿಡಿಯಲ್ಲ."

"ತಲೆ ಕೇಸು ಅಂದ್ರೆ?"

"ತಲೆಗೆ ಪೆಟ್ಟಾದವರದು. ನನ್ನನ್ನೇ ನೋಡಿ, ನಾನು ಪೆಟ್ಟಿಗೆ ಮಾಡ್ತೀನಿ, ಪಿಟೀಲು ಮಾಡಲ್ಲ. ಎರಡೂ ಮರವೇ."

ಬಡಗಿ ಬಾಯಲ್ಲಿ ಇಂಥ ಮಾತು. ಆಬೆಲಾರ್ದೊ ಕೇಳಿಸಿಕೊಳ್ಳಬೇಕಿತ್ತು.

ಜೂನ್ 3

ಬೆಳಿಗ್ಗೆ ಬಸ್ಸು ಹಿಡಿದು, ಬಸ್ಸಿನ ಸಮೇತ ಹಡಗಿನಲ್ಲಿ ಜಲಸಂಧಿ ದಾಟಿ ಪೋರ್ತೊ ಮೊಂತ್. ಹಡಗಿನಲ್ಲಿ ಯಾಸ್ನಾಗೆ ಏನೋ ತಿನ್ನಬೇಕೆನ್ನಿಸಿತು. ಮಾರುವವಳೆದುರು ನಿಂತು ಬೆರಳು ತೋರಿಸುತ್ತಿದ್ದಳು. ನಾನು ಹೋಗಿ ಆಲೂಗಡ್ಡೆಯ ಮಿಲ್ಕಾವೊ ರೊಟ್ಟಿ ಕೊಡಿಸಿದೆ. ಅರ್ಧ ತಿಂದು ಬಿಟ್ಟಳು.

ವಕೀಲೆ ರೆಬೆಕಾ ಮಾನ್ಸಿಲ್ಯಾ ಐವತ್ತರ ಆಸುಪಾಸಿನವರು, ಮೋಟುಗೂದಲು, ಗೋಡೆಯ ಮೇಲೆ ಸಂತರ ಪಟದ ಬದಲು ಮೆದುಳಿನ ಪಟ.

"ನಿಮ್ಮ ಹೆಸರೇನು?" ಎಂದು ಯಾಸ್ನಾಳನ್ನು ಕೇಳಿದರು.

"ಯಾಸ್ನಾ ಒಯಾರ್ಸೊ. ಮೂವತ್ತೇಳು ವರ್ಷ. ರೇಡಿಯೊದಲ್ಲಿ..." ಎಂದು ನಾನು ಆರಂಭಿಸಿದೆ.

"ಯಾಸ್ನಾ, ಬೆಳಿಗ್ಗೆ ತಿಂಡಿ ಏನು ತಿಂದ್ರಿ?"

"ಮಿಲ್ಕಾವೊ ತಿಂದ್ಲು ಮೇಡಂ, ಹಡಗಲ್ಲಿ. ಅರ್ಧ ಬಿಟ್ಲು. ಮೊದಲೆಲ್ಲ ಹೀಗಿರಲಿಲ್ಲ, ಅವರಮ್ಮ ಮಾಡಿದ್ರೆ ನಾಲ್ಕು..."

"ದೊನ್ ನೊಲ್ಬೆರ್ತೊ, ಎದುರಿಗೆ ಬೇಕರಿ ಇದೆ. ಬ್ರೆಡ್ಡು ಬಿಸಿಬಿಸಿ ಇರೋದು ಹನ್ನೊಂದೂವರೆಗೆ."

"ಈಗಿನ್ನೂ ಹತ್ತೂಮುಕ್ಕಾಲು."

"ಕಾಯಿರಿ."

ಕಾದೆ. ಬ್ರೆಡ್ಡು ಹಿಡಿದು ಬಂದಾಗ ಯಾಸ್ನಾಳ ಕಣ್ಣು ಕೆಂಪಾಗಿತ್ತು, ಆದರೆ ಮುಖ ಹಗುರವಾಗಿತ್ತು. ವಕೀಲೆ ಹೇಳಿದರು:

"ನಲವತ್ತೈದು ನಿಮಿಷದಲ್ಲಿ ನಿಮ್ಮ ಮಗಳು ನನಗೆ ಆರು ವಾಕ್ಯ ಹೇಳಿದಾಳೆ. ಆರೂ ಪೂರ್ತಿ. ಹಡಗಲ್ಲಿ ಅವಳಿಗೆ ಬೇಕಾಗಿದ್ದು ಮಿಲ್ಕಾವೊ ಅಲ್ಲ, ಕಾಫಿ. ವಿಮೆ ಡಾಕ್ಟರು ಪರೀಕ್ಷೆ ಮಾಡುವಾಗ ನೀವು ಒಳಗಿದ್ರಾ?"

"ಇಲ್ಲದೆ ಮತ್ತೆ? ಒಬ್ಬಳನ್ನೇ ಹೇಗೆ ಬಿಡೋದು?"

"ಅದಕ್ಕೇ ಏನೂ ತೊಂದರೆ ಇಲ್ಲ ಅಂತ ಬರೆದಿದಾನೆ. ಅವನು ಪರೀಕ್ಷೆ ಮಾಡಿದ್ದು ನಿಮ್ಮ ತಲೆಯನ್ನ, ದೊನ್ ನೊಲ್ಬೆರ್ತೊ. ಮುರಿದ ಕಾಲು ಎಕ್ಸ್‌ರೇಲಿ ಕಾಣತ್ತೆ. ಮಾತು ಮುರಿದಿದ್ದು ಕಾಣಬೇಕು ಅಂದ್ರೆ ಅದಕ್ಕೆ ಜಾಗ ಬೇಕು. ನೀವು ಸಂದು ಕಂಡಲ್ಲೆಲ್ಲ ಗಾರೆ ಮೆತ್ತಿದೀರಿ."

ಆ ಕಾಗದಕ್ಕೆ ಸಹಿ ಬಿದ್ದಿದ್ದರೆ ಬಾಗಿಲು ಮುಚ್ಚಿಹೋಗುತ್ತಿತ್ತಂತೆ, ಸಂತ ಪೇತ್ರ ಸ್ವರ್ಗದ ಬೀಗದಕೈ ಗೊಂಚಲು ತಂದರೂ ತೆರೆಯುತ್ತಿರಲಿಲ್ಲವಂತೆ. ಒಲೆಗೆ ಹಾಕಿದ ವಿಷಯ ಹೇಳಿದಾಗ ಮೇಜು ಬಡಿದು ನಕ್ಕರು. ಕೇಳಬೇಕಾದದ್ದು ದುಡ್ಡಿನ ಗಂಟನ್ನಲ್ಲ, ಯಾಸ್ನಾ ಬದುಕಿರುವವರೆಗೆ ಮಾತಿನ ಚಿಕಿತ್ಸೆ ಮತ್ತು ಜೊತೆಗಿದ್ದು ನೆರವಾಗುವ ಒಬ್ಬರನ್ನು ಎಂದರು. ನನಗೆ ನೀಲಿ ನೋಟುಪುಸ್ತಕ ಕೊಟ್ಟರು. ಅವಳ ಬದಲು ನಾನು ಮಾತಾಡಿದಾಗಲೆಲ್ಲ ಒಂದು ಗೀಟು ಎಳೆಯಬೇಕಂತೆ.

ಎಪ್ಪತ್ತೊಂದು ವರ್ಷದವನಿಗೆ ಹೋಮ್‌ವರ್ಕು.

ಜೂನ್ 4

ನೀಲಿ ಪುಸ್ತಕ: ಮಧ್ಯಾಹ್ನದೊಳಗೆ ನಲವತ್ತೊಂದು ಗೀಟು. ಪುಟ ಬೇಲಿಯ ಹಾಗೆ ಕಾಣುತ್ತಿದೆ.

ಜೂನ್ 30

ಹತ್ತೊಂಬತ್ತು. ಪಕ್ಕದ ಮನೆಯ ದೊನ್ಯಾ ಉಬೆರ್ಲಿಂದಾ ಬೇಲಿಯಾಚೆಯಿಂದ "ಯಾಸ್ನೀತಾ, ಹೇಗಿದೀಯಮ್ಮಾ?" ಎಂದಳು. ನಾನು ನಾಲಿಗೆ ಕಚ್ಚಿ ಹಿಡಿದೆ. ಎಷ್ಟು ಹೊತ್ತು! ಒಂದು ಕೋಳಿ ಅಂಗಳ ದಾಟಿ ವಾಪಸು ಬಂತು. ಕೊನೆಗೆ ಯಾಸ್ನಾ, "ಬೆಳಿಗ್ಗೆ... ಚೆನ್ನಾಗಿ. ಸಂಜೆ... ಕೆಟ್ಟದಾಗಿ" ಎಂದಳು.

"ನನಗೂ ಹಾಗೇ ಕಣೇ! ಮದುವೆ ಆದಾಗಿಂದ!" ಎಂದಳು ಉಬೆರ್ಲಿಂದಾ. ಇಬ್ಬರೂ ನಕ್ಕರು. ನಾನಿದ್ದೇನೆ ಎನ್ನುವುದೇ ಅವರಿಗೆ ನೆನಪಿರಲಿಲ್ಲ.

ಸಂಜೆ ಕೆಟ್ಟದಾಗಿರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ.

ಆಗಸ್ಟ್ 18

ಪೋರ್ತೊ ಮೊಂತಿನಲ್ಲಿ ಯಾಸ್ನಾಳ ಮಾತು, ನೆನಪುಗಳ ಎರಡು ದಿನದ ಪರೀಕ್ಷೆ. ಈ ಸಲ ನಾನು ಹೊರಗೇ ಕುಳಿತೆ. ಬಾಗಿಲಿಗೆ ಕಿವಿಯನ್ನೂ ಕೊಡಲಿಲ್ಲ. (ಒಂದೇ ಸಲ ಕೊಟ್ಟೆ.) ಅಂಕ ಬಹಳ ಕಡಿಮೆ ಬಂದಿತು. ರೆಬೆಕಾ ಮೇಡಂ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಸಂತೋಷಪಟ್ಟರು. ಮಗಳು ಪರೀಕ್ಷೆಯಲ್ಲಿ ಫೇಲಾದಾಗ ಸಂತೋಷಪಡುವ ವಕೀಲರು. ನಾನೂ ಪಟ್ಟೆ, ಆಮೇಲೆ ಹಡಗಿನ ಕಟಕಟೆ ಹಿಡಿದು ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತೆ.

ಯಾಸ್ನಾ ಕಾಫಿ ತಂದುಕೊಟ್ಟಳು. ಅವಳೇ ಕೇಳಿ ಕೊಂಡದ್ದು. ಸಾಲಿನಲ್ಲಿ ಹಿಂದಿದ್ದವರು ಗೊಣಗಿದರಂತೆ.

ಅಕ್ಟೋಬರ್ 6

ಕೆಟ್ಟ ಸುದ್ದಿ. ವಿಮೆಯವರು ಸ್ಕ್ಯಾನುಗಳನ್ನೂ, ತಮ್ಮ ಡಾಕ್ಟರು ಏಪ್ರಿಲ್‌ನಲ್ಲಿ ತೆಗೆಸಿದ್ದ ವಿಡಿಯೊವನ್ನೂ ಹೊರದೇಶದ ದೊಡ್ಡ ತಜ್ಞರೊಬ್ಬರಿಗೆ ಕಳಿಸಿ ಇಂಗ್ಲಿಷಿನಲ್ಲಿ ವರದಿ ತರಿಸಿ, ನಮ್ಮ ಭಾಷೆಗೆ ಅನುವಾದ ಮಾಡಿಸಿ ಕೋರ್ಟಿಗೆ ಕೊಟ್ಟಿದ್ದಾರೆ. ಅದರಲ್ಲಿ ಹೀಗಿದೆಯಂತೆ: ಯಾಸ್ನಾಗೆ ಮುಂದೆ ನೆರವು ಎವೆಂತುಆಲ್ಮೆಂತೆ ಬೇಕಾಗುತ್ತದೆ. ನಮ್ಮ ಮಾತಿನಲ್ಲಿ ಆ ಪದಕ್ಕೆ ಅರ್ಥ: ಬೇಕಾದರೂ ಆಗಬಹುದು, ಆಗದೆಯೂ ಇರಬಹುದು.

"ಆಗಬಹುದು ಅನ್ನೋದಕ್ಕೆ ಯಾವ ನ್ಯಾಯಾಧೀಶರೂ ಜೀವನಪೂರ್ತಿ ನೆರವು ಬರೆಯಲ್ಲ" ಎಂದರು ರೆಬೆಕಾ ಮೇಡಂ ಫೋನಿನಲ್ಲಿ. ಮೊದಲ ಸಲ ಅವರ ದನಿ ಕುಗ್ಗಿದ್ದು ಕೇಳಿದೆ.

ಆಬೆಲಾರ್ದೊ ಬಂದು, "ನಾನು ಮೊದಲೇ ಹೇಳಿದ್ದೆ" ಎಂದ. ಯಾಸ್ನಾ ಒಲೆಯ ಬಾಗಿಲು ತೆಗೆದು ಅವನ ಜೇಬಿನ ಪೆನ್ನಿನತ್ತ ನೋಡಿದಳು. ಹೊರಟುಹೋದ.

ಅಕ್ಟೋಬರ್ 9

ಇಂಗ್ಲಿಷಿನ ಮೂಲ ವರದಿ ಕಳಿಸಿ ಎಂದು ಮೇಡಂ ಅವರನ್ನು ಕೇಳಿಕೊಂಡಿದ್ದೆ. ಯಾಕೆಂದರೆ ಹೆಮ್ಮೆ. ವಾಲ್ದಿವಿಯಾದ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಮೇಷ್ಟ್ರಾಗಲು ಓದಿದವನು ನಾನು. ಅಪ್ಪ ತೀರಿಕೊಂಡರು, ಅಂಚೆ ಕಚೇರಿ ಸಿಕ್ಕಿತು, ಇಂಗ್ಲಿಷು ಅಲ್ಲೇ ಉಳಿಯಿತು. ಬೆಳಿಗ್ಗೆ ಉಪಾಹಾರವಾದ ಮೇಲೆ ಹಳೆಯ ನಿಘಂಟು ತೆಗೆದು ಕುಳಿತೆ. ಅರ್ಧ ಪುಟಕ್ಕೆ ಒಂದು ಗಂಟೆ. ಆಮೇಲೆ ಆ ವಾಕ್ಯ ಬಂತು, ಅದರ ನಡುವೆ ಆ ಪದ: ಇವೆಂಚುಯಲಿ.

ನನ್ನ ಕಿವಿ ಬಿಸಿಯಾಯಿತು, ಐವತ್ತು ವರ್ಷದ ಹಿಂದೆ ಆದ ಹಾಗೆಯೇ.

ತರಗತಿಯಲ್ಲಿ ಆ ಪದ ಹಾಕಿ ವಾಕ್ಯ ಮಾಡಿ ಎಂದಿದ್ದರು. ನಾನು ಬರೆದದ್ದು: ಇವೆಂಚುಯಲಿ ಐ ವಿಲ್ ಮ್ಯಾರಿ ಆರ್ಫೆಲಿನಾ. ಆದರೆ ಆಗಬಹುದು, ನೋಡೋಣ ಎನ್ನುವ ಅರ್ಥದಲ್ಲಿ. ಇಪ್ಪತ್ತು ವರ್ಷದ ಹುಡುಗನ ಜಾಣತನ. ಪ್ರೊಫೆಸರ್ ಓದಿ ಎದ್ದುನಿಂತು ಕೈಕುಲುಕಿದರು. "ಅಭಿನಂದನೆ ಒಯಾರ್ಸೊ! ಇಂಗ್ಲಿಷಿನವರಲ್ಲಿ ಈ ಪದಕ್ಕೆ ಬಹುದು ಗಿಹುದು ಇಲ್ಲ. ಎಷ್ಟು ತಡವಾದ್ರೂ ಕೊನೆಗೆ ಆಗೇ ಆಗತ್ತೆ ಅಂತ. ಮುಖ ನಮ್ಮ ಎವೆಂತುಆಲ್ಮೆಂತೆಯದು, ಮನಸ್ಸು ಬೇರೆಯವರದು." ತರಗತಿ ಹೋ ಎಂದಿತು. ಮೂರನೆಯ ಬೆಂಚಿನಲ್ಲಿ ಆರ್ಫೆಲಿನಾಳ ಅಕ್ಕನ ಗೆಳತಿ ಇದ್ದಳು. ಸಂಜೆಯೊಳಗೆ ಸುದ್ದಿ ತಲುಪಿ, ಆರ್ಫೆಲಿನಾ ಅದನ್ನು ಇಂಗ್ಲಿಷಿನ ಅರ್ಥದಲ್ಲೇ ಹಿಡಿದಳು. ನಲವತ್ತಮೂರು ವರ್ಷ ಸಂಸಾರ ಮಾಡಿದೆವು.

ಅನುವಾದಕ ಈ ಪದದಲ್ಲಿ ಎಡವಿದ್ದಾನೆ. ಪಾಪ, ನಾನೂ ಎಡವಿದ್ದೆ. ಅವನಿಗೆ ಒಬ್ಬಳು ಆರ್ಫೆಲಿನಾ ಸಿಕ್ಕಿರಲಿಲ್ಲ, ಅಷ್ಟೇ.

ಇಡೀ ವಾಕ್ಯ ಹೀಗಿದೆ: ಸದ್ಯಕ್ಕೆ ರೋಗಿಗೆ ಬೇಕಾದ ಪದಗಳನ್ನು ಆಕೆಯ ತಂದೆ ಒದಗಿಸುತ್ತಿದ್ದಾರೆ, ಅದರಿಂದ ಕೊರತೆ ಮರೆಯಾಗಿದೆ, ತಂದೆಗೆ ವಯಸ್ಸಾಗಿದೆ, ಕೊನೆಗೆ ಆಕೆಗೆ ಜೀವನಪೂರ್ತಿ ದಿನನಿತ್ಯದ ನೆರವು ಬೇಕೇ ಬೇಕಾಗುತ್ತದೆ.

ಮೂರು ಸಲ ಓದಿದೆ. ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ.

ಫೋನು ಮಾಡಿದೆ. ವಿಷಯ ಹೇಳಿದೆ. ಆ ಕಡೆ ರೆಬೆಕಾ ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು.

"ದೊನ್ ನೊಲ್ಬೆರ್ತೊ, ಇನ್ನೊಂದ್ಸಲ ಹೇಳಿ."

"ನೀವೇ ಬಾಯಿ ಮುಚ್ಚಿಕೊಂಡಿರಿ ಅಂದಿದ್ರಿ."

"ಈ ಒಂದು ಪದಕ್ಕೆ ಎಷ್ಟು ಬೇಕಾದ್ರೂ ಮಾತಾಡಿ. ಬೇಕರಿ ಮುಚ್ಚೋವರೆಗೂ ಮಾತಾಡಿ!"

ಮಾತಾಡಿದೆ. ಪ್ರೊಫೆಸರ್ ಹಾಕುತ್ತಿದ್ದ ಬೂಟಿನ ಬಣ್ಣದವರೆಗೂ.

ನವೆಂಬರ್ 12

ನ್ಯಾಯಾಲಯ ಬೇರೆ ಅಧಿಕೃತ ಅನುವಾದಕರನ್ನು ನೇಮಿಸಿತು. "ಕೊನೆಗೆ ಬೇಕೇ ಬೇಕಾಗುತ್ತದೆ" ಎಂದು ಬರೆದುಕೊಟ್ಟರು. ವಿಮೆಯವರು ತಾವೇ ತರಿಸಿದ ವರದಿಯನ್ನು ಈಗ ನಂಬಬೇಡಿ ಎನ್ನುತ್ತಿದ್ದಾರೆ. ರಾಜಿ ಸಭೆ ಮಾರ್ಚ್‌ನಲ್ಲಿ. ನ್ಯಾಯಾಧೀಶರು ಯಾಸ್ನಾಳನ್ನು ತಾವೇ ಮಾತಾಡಿಸುತ್ತಾರಂತೆ.

ನೀಲಿ ಪುಸ್ತಕ: ಮೂರು.

ಮಾರ್ಚ್ 19

ಗೆದ್ದೆವು.

ನ್ಯಾಯಾಧೀಶರು ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ಎದುರು ಪಕ್ಷದ ವಕೀಲ ಎಳೆಯವನು, ಚೆನ್ನಾಗಿ ಇಸ್ತ್ರಿ ಮಾಡಿದ ಸೂಟಿನವನು. "ಮಾನ್ಯರೇ, ಇವರು ನಡೆದು ಬಂದರು, ನಮಸ್ಕಾರ ಹೇಳಿದರು, ತಾವೇ ನೋಡಿದಿರಿ" ಎಂದ.

"ನೋಡಿದೆ. ಈಗ ಕೇಳ್ತೀನಿ. ಯಾಸ್ನಾ ಅವರೇ, ನಿಮ್ಮ ಕೆಲಸ ಏನಾಗಿತ್ತು?"

ಯಾಸ್ನಾ ಬಾಯಿ ತೆರೆದಳು. "ನಾನು... ರೇಡಿಯೊದಲ್ಲಿ... ದ್ವೀಪಗಳಿಗೆ..."

ನಿಂತಿತು. ನನಗೆ ಆ ಪದ ಗೊತ್ತಿತ್ತು. ನಾಲಿಗೆಯ ತುದಿಯಲ್ಲಿತ್ತು. ನನ್ನ ಟೋಪಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆ. ಗೋಡೆ ಗಡಿಯಾರ ಹೊಡೆದುಕೊಳ್ಳುತ್ತಿತ್ತು. ರೆಬೆಕಾ ಮೇಡಂ ನನ್ನತ್ತ ತಿರುಗಲೂ ಇಲ್ಲ. ನ್ಯಾಯಾಧೀಶರೇ ತಡೆಯಲಾರದೆ, "ಪರವಾಗಿಲ್ಲಮ್ಮ, ನಿಧಾನ..." ಎಂದರು. ಯಾಸ್ನಾ ಅಂಗೈ ಎತ್ತಿ ಅವರನ್ನೂ ತಡೆದಳು.

ಇಸ್ತ್ರಿ ವಕೀಲನಿಗೆ ತಾಳ್ಮೆ ಹೋಯಿತು. "ಸಂದೇಶ ತಲುಪಿಸ್ತಿದ್ರಿ. ಅಲ್ವಾ?"

ನನ್ನ ನಾಲಿಗೆಯ ತುದಿಯಲ್ಲಿದ್ದದ್ದೂ ಅದೇ ಪದ.

"ಅಲ್ಲ" ಎಂದಳು ಯಾಸ್ನಾ. ಮತ್ತೆ ಹೊತ್ತು ಹಿಡಿಯಿತು. "ಮನುಷ್ಯರನ್ನ. ದೋಣಿಕಟ್ಟೆಗೆ. ಒಬ್ಬರನ್ನ... ಒಬ್ಬರ ಹತ್ರ."

ಇಸ್ತ್ರಿ ವಕೀಲ ಕುಳಿತುಬಿಟ್ಟ.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು ಎರಡೂ ಪಕ್ಷದವರನ್ನು ಒಳಗೆ ಕರೆದರು. ಸಂಜೆಯೊಳಗೆ ವಿಮೆಯವರು ಒಪ್ಪಿದರು: ಜೀವನಪೂರ್ತಿ ಚಿಕಿತ್ಸೆ, ನೆರವಿಗೆ ಒಬ್ಬರು, ಕೆಲಸ ಮಾಡಲಾಗದ ದಿನಗಳ ಸಂಬಳ. ಯಾಸ್ನಾ ಪ್ರತಿ ಪುಟ ಓದಿ ಸಹಿ ಹಾಕಿದಳು. ಎರಡು ಗಂಟೆ ಹಿಡಿಯಿತು. ಎಲ್ಲರೂ ಕಾದರು. ಪೆನ್ನು ಆಬೆಲಾರ್ದೊನದು. ಹೊಸದು ಕೊಂಡಿದ್ದ, ಅದನ್ನು ಕೊಡಲೆಂದೇ ಹೇಳದೆ ಕೇಳದೆ ಹಡಗು ಹತ್ತಿ ಬಂದಿದ್ದ.

"ಇದನ್ನಾದ್ರೂ ವಾಪಸ್ ಕೊಡ್ತೀಯೇನೇ?" ಎಂದ.

"ಇಲ್ಲ ಮಾವ" ಎಂದಳು. ಕೊಡಲಿಲ್ಲ.

ಏಪ್ರಿಲ್ 2

ಮೇಡಂ ಫೋನು ಮಾಡಿ ನೀಲಿ ಪುಸ್ತಕ ಕಡತಕ್ಕೆ ಬೇಕು ಎಂದರು. ಹುಡುಕಿದೆ. ಜನವರಿಯಿಂದ ಏನೂ ಬರೆದಿಲ್ಲ. ಮರೆತಿದ್ದೆನೋ ಏನೋ. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ.

ಏಪ್ರಿಲ್ 25

ರೇಡಿಯೊ ಯಜಮಾನರು ದಿನಕ್ಕೊಂದು ಸಂದೇಶ ಓದಲು ಕೊಡುತ್ತೇನೆಂದರು. ಒಂದೇ. ಇವತ್ತಿನಿಂದ. ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ ಬಂದೆ.

ಒಂದು ಗಂಟೆಗೆ ರೇಡಿಯೊ ಹಾಕಿದೆ. ಬೇರೆ ಹುಡುಗಿ ಎಲ್ಲವನ್ನೂ ಓದಿ ಮುಗಿಸಿದಳು. ಆಮೇಲೆ ಯಾಸ್ನಾ.

"ಕಾಸ್ತ್ರೋದ... ಗಾಂಬೋವಾ ಬೀದಿಯ... ನೊಲ್ಬೆರ್ತೊ ಒಯಾರ್ಸೊ ಅವರಿಗೆ. ನಿಮ್ಮ ಮಗಳು... ಐದರ ಬಸ್ಸಿಗೆ ಬರುತ್ತಾಳೆ. ಒಬ್ಬಳೇ. ನಿಲ್ದಾಣಕ್ಕೆ ಬರಬೇಡಿ. ಒಲೆ ಮೇಲೆ..."

ರೇಡಿಯೊದಲ್ಲಿ ಮೌನ ಬಹಳ ದೊಡ್ಡದು. ಎಲ್ಲ ದ್ವೀಪಗಳೂ ಕಾಯುತ್ತಿದ್ದವು.

"...ಚಮಚ ಇಡಿ."

ಎರಡನೆಯ ಸಲ ಓದಿದಳು. ಅದೇ ಜಾಗದಲ್ಲಿ ನಿಂತಳು. ಅವಳ ಉಸಿರು ಕೇಳಿಸಿತು, ಆಮೇಲೆ ಸಣ್ಣ ನಗು.

"ಒಲೆ ಮೇಲೆ... ಕೆಟಲು ಇಡಿ. ಚಮಚವನ್ನೂ ಇಡಿ. ಕೇಳಿದವರು ದಯವಿಟ್ಟು ತಿಳಿಸಿ."

ಎರಡು ನಿಮಿಷ ಆಗಿರಲಿಲ್ಲ, ದೊನ್ಯಾ ಉಬೆರ್ಲಿಂದಾ ಬೇಲಿ ಹತ್ತಿ ಕೂಗುತ್ತಿದ್ದಳು. "ದೊನ್ ನೊಲ್ಬೆರ್ತೊ! ಕೇಳಿಸ್ತಾ? ನಿಲ್ದಾಣಕ್ಕೆ ಹೋಗಬಾರದಂತೆ! ಕೆಟಲಂತೆ!"

"ಚಮಚ ಅಂದಿದ್ದು!" ಎದುರು ಮನೆಯ ಮೀನಿನವನು ರಸ್ತೆಯಿಂದಲೇ ಅಂದ.

"ಅದು ಮೊದಲನೇ ಸಲ! ಎರಡನೇ ಸಲ ಎರಡೂ ಅಂದ್ಲು! ಕಿವಿಗೆ ಮೀನು ತುಂಬಿಕೊಂಡಿದೀಯಾ?"

ನಾಲ್ಕು ಗಂಟೆಗೆ ದೊನ್ ರುದೆಸಿಂದೊ ಚೆಲಿನ್‌ನಿಂದ ದೋಣಿಯಲ್ಲಿ ಬಂದಿಳಿದ. ಆ ಬಾಣಂತಿಯ ಮನೆಯವರು ಹೇಳಿ ಕಳಿಸಿದ್ದರು, ದೊನ್ ನೊಲ್ಬೆರ್ತೊಗೆ ಸುದ್ದಿ ಮುಟ್ಟಿತೋ ಇಲ್ಲವೋ ನೋಡಿಕೊಂಡು ಬಾ ಎಂದು. ಆಲೂಗಡ್ಡೆ ಕೂಡ ಕಳಿಸಿದ್ದರು. ಯಾವುದರಿಂದ ತೆಗೆದದ್ದೆಂದು ನಾನು ಕೇಳಲಿಲ್ಲ.

ಐದು ಗಂಟೆ. ಟೋಪಿ ಗೂಟದಲ್ಲೇ ಇದೆ. ಕೆಟಲು ಇಟ್ಟೆ. ಅದರ ಪಕ್ಕದಲ್ಲಿ ಚಮಚವನ್ನೂ ಇಟ್ಟೆ.

ಗೇಟಿನ ಸದ್ದಾಯಿತು.